ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕಲು ಹೊರಟಿರುವ ಅಕ್ಕತಂಗಿಯರಿಗೆ

ಪ್ರೀತಿಯ ಅಕ್ಕತಂಗಿಯರೇ,

ತವರಿನಿಂದ ಫೋನ್ ಬಂದಿದೆ. "ಶುಕ್ರವಾರ ಸ್ವಲ್ಪ ಬಿಡುವು ಮಾಡ್ಕೊಂಡು ಬಾ, ಆಧಾರ್ ಕಾರ್ಡು ತಗೊಂಡು ಬಾ, ಒಂದು ಸಹಿ ಇದೆ" ಎಂದು ಅಣ್ಣನೋ ತಮ್ಮನೋ ಹೇಳಿದ್ದಾರೆ. ಯಾವುದಕ್ಕೆ ಸಹಿ ಎಂದು ಕೇಳಿದರೆ "ಏನಿಲ್ಲ, ಖಾತೆ ಮಾಡಿಸೋದಕ್ಕೆ" ಎಂದಿದ್ದಾರೆ. ಅಂಥ ಫೋನ್ ಈಗಾಗಲೇ ಬಂದಿರುವವರಿಗೂ ಮುಂದೆ ಬರಲಿರುವವರಿಗೂ ಈ ಪತ್ರ ಬರೆಯುತ್ತಿದ್ದೇನೆ.

ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಸಿವಿಲ್ ಕೇಸುಗಳನ್ನು ನಡೆಸುವ ವಕೀಲೆ. ಆಸ್ತಿ ವಿಷಯಕ್ಕೆ ನನ್ನ ಬಳಿ ಬರುವ ಹೆಣ್ಣುಮಕ್ಕಳಲ್ಲಿ ಹೆಚ್ಚಿನವರು ಸಹಿ ಹಾಕಿಯಾದ ಮೇಲೆ ಬರುತ್ತಾರೆ. "ಪತ್ರದಲ್ಲಿ ಏನಿತ್ತು ಅಂತ ಗೊತ್ತಿರಲಿಲ್ಲ ಮೇಡಂ, ಹಾಕು ಅಂದರು, ಹಾಕಿದೆ" ಎಂಬ ಮಾತನ್ನು ಕೇಳಿ ಕೇಳಿ ನನಗೆ ಸಂಕಟವಾಗಿದೆ. ಸಹಿಗೆ ಮುಂಚೆ ಅರ್ಧ ಗಂಟೆಯಲ್ಲಿ ಮುಗಿಯಬಹುದಾದ ಕೆಲಸ ಸಹಿಯಾದ ಮೇಲೆ ವರ್ಷಗಟ್ಟಲೆ ಕೋರ್ಟಿನ ಕೆಲಸವಾಗುತ್ತದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಪಾಲು ಕೇಳಲೇಬೇಕು, ಅಣ್ಣನ ಮೇಲೆ ದಾವೆ ಹೂಡಲೇಬೇಕು ಎಂದು ನಾನು ಹೇಳುತ್ತಿಲ್ಲ. ಅಪ್ಪನ ಕೊನೆಗಾಲದಲ್ಲಿ ಹಗಲು ರಾತ್ರಿ ಆಸ್ಪತ್ರೆಯಲ್ಲಿ ಕೂತವನು ತಮ್ಮನೇ ಆಗಿರಬಹುದು. ನಿಮ್ಮ ಮದುವೆಯ ಸಾಲವನ್ನೂ ಬತ್ತಿಹೋದ ಬೋರ್‌ವೆಲ್‌ಗಳ ಸಾಲವನ್ನೂ ಅವನೊಬ್ಬನೇ ತೀರಿಸಿರಬಹುದು. "ನನ್ನ ಪಾಲು ಅವನಿಗಿರಲಿ" ಎಂದು ನೀವು ತೀರ್ಮಾನಿಸಿದರೆ ಅದು ನಿಮ್ಮ ದೊಡ್ಡತನ, ಅದನ್ನು ತಡೆಯಲು ನಾನು ಯಾರೂ ಅಲ್ಲ. ಆದರೆ ಬಿಟ್ಟುಕೊಡುತ್ತಿರುವುದು ಏನು, ಎಷ್ಟು, ಯಾರಿಗೆ ಎಂದು ಗೊತ್ತಿದ್ದರೆ ಮಾತ್ರ ಅದು ಕೊಡುಗೆ. ಗೊತ್ತಿಲ್ಲದೆ ಹಾಕಿದ ಸಹಿಯನ್ನು ಕೊಡುಗೆ ಎನ್ನಲಾಗದು.

ನಿಮ್ಮ ಸಹಿಗೆ ಈಗ ಯಾಕೆ ಇಷ್ಟು ಬೆಲೆ ಬಂದಿದೆ ಎಂಬುದು ನಿಮಗೆ ತಿಳಿದಿರಬೇಕು. ಹಳೆ ಮೈಸೂರು ಸಂಸ್ಥಾನದಲ್ಲಿ 1933ರಲ್ಲೇ ಹಿಂದೂ ಮಹಿಳೆಯರ ಹಕ್ಕಿಗಾಗಿ ಒಂದು ಕಾಯ್ದೆ ಬಂದಿತ್ತು. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ತಂದೆಯ ಸ್ವಂತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಪಾಲು ಕೊಟ್ಟಿತು. ಪಿತ್ರಾರ್ಜಿತ ಆಸ್ತಿಯಲ್ಲಿ ಮಾತ್ರ ಹುಟ್ಟಿನಿಂದ ಬರುವ ಹಕ್ಕು ಗಂಡುಮಕ್ಕಳದ್ದೇ ಆಗಿ ಉಳಿಯಿತು. ಕರ್ನಾಟಕ ಅದಕ್ಕೆ ತನ್ನದೇ ತಿದ್ದುಪಡಿ ತಂದು 1994ರ ಜುಲೈ 30ರಿಂದ ಮಗಳಿಗೂ ಆ ಹಕ್ಕು ಕೊಟ್ಟಿತು, ಆದರೆ ಅದಕ್ಕೂ ಮೊದಲೇ ಮದುವೆಯಾಗಿದ್ದವರನ್ನು ಹೊರಗಿಟ್ಟಿತು. ಒಂದೇ ಮನೆಯಲ್ಲಿ 1990ರಲ್ಲಿ ಮದುವೆಯಾದ ಅಕ್ಕನಿಗೆ ಪಾಲಿಲ್ಲ, 1996ರಲ್ಲಿ ಮದುವೆಯಾದ ತಂಗಿಗೆ ಪಾಲಿದೆ ಎಂಬ ಪರಿಸ್ಥಿತಿ ಬಂತು. ಕೇಂದ್ರದ ತಿದ್ದುಪಡಿ 2005ರ ಸೆಪ್ಟೆಂಬರ್ 9ರಂದು ಜಾರಿಗೆ ಬಂದಾಗ ಈ ಭೇದ ಹೋಯಿತು. ಮದುವೆ ಯಾವಾಗ ಆಗಿದ್ದರೂ ಮಗಳು ಹುಟ್ಟಿನಿಂದಲೇ ಮಗನಂತೆ ಹಕ್ಕುದಾರಳು.

ಆಮೇಲೂ ಒಂದು ಗೊಂದಲ ಉಳಿದಿತ್ತು. 2005ಕ್ಕೆ ಮೊದಲೇ ಅಪ್ಪ ತೀರಿಕೊಂಡಿದ್ದರೆ ಮಗಳಿಗೆ ಹಕ್ಕಿದೆಯೇ? ಸುಪ್ರೀಂ ಕೋರ್ಟಿನಲ್ಲಿ ಈ ಪ್ರಶ್ನೆಯನ್ನು ಎತ್ತಿದ ಎರಡು ಪ್ರಮುಖ ಪ್ರಕರಣಗಳು, ಫೂಲಾವತಿಯವರದ್ದೂ ದಾನಮ್ಮನವರದ್ದೂ, ನಮ್ಮ ಕರ್ನಾಟಕದಿಂದಲೇ ಹೋದವು. ಒಂದೊಂದರಲ್ಲಿ ಒಂದೊಂದು ಬಗೆಯ ತೀರ್ಪು ಬಂತು. ಕೊನೆಗೆ 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಮೂವರು ನ್ಯಾಯಮೂರ್ತಿಗಳ ಪೀಠ ಇದನ್ನು ಇತ್ಯರ್ಥ ಮಾಡಿತು. 2005ರ ಆ ದಿನ ಅಪ್ಪ ಬದುಕಿರಬೇಕೆಂದಿಲ್ಲ. 2004ರ ಡಿಸೆಂಬರ್ 20ಕ್ಕೆ ಮೊದಲೇ ರಿಜಿಸ್ಟರ್ ಆದ ವಿಭಾಗ ಪತ್ರದಿಂದಲೋ ಕೋರ್ಟಿನ ಡಿಕ್ರಿಯಿಂದಲೋ ಪಾಲಾಗಿದ್ದರೆ ಅದನ್ನು ಕೆದಕುವಂತಿಲ್ಲ. ಆ ದಿನಕ್ಕೆ ಮೊದಲೇ ಕಾನೂನುಬದ್ಧವಾಗಿ ಆಗಿಹೋದ ಮಾರಾಟವನ್ನೂ ಮುಟ್ಟುವಂತಿಲ್ಲ. "ಅಪ್ಪ ಇದ್ದಾಗಲೇ ಬಾಯಿಮಾತಲ್ಲಿ ಪಾಲಾಗಿದೆ" ಎಂಬ ವಾದವನ್ನು ಮಾತ್ರ ಕೋರ್ಟು ಸುಲಭವಾಗಿ ಒಪ್ಪುವುದಿಲ್ಲ, ಅದಕ್ಕೆ ಗಟ್ಟಿಯಾದ ಸರ್ಕಾರಿ ದಾಖಲೆಯ ಬೆಂಬಲ ಬೇಕು.

ಆದ್ದರಿಂದಲೇ ಈಗ ಜಮೀನು ಕೊಳ್ಳುವವರು, ಲೇಔಟ್ ಮಾಡುವವರು, ಸಾಲ ಕೊಡುವ ಬ್ಯಾಂಕಿನ ವಕೀಲರು ಎಲ್ಲರೂ ಮೊದಲು ಕೇಳುವುದು "ಹೆಣ್ಣುಮಕ್ಕಳ ಸಹಿ ಆಗಿದೆಯಾ?" ಎಂದು. ನಿಮ್ಮ ಸಹಿ ಇಲ್ಲದಿದ್ದರೆ ಲೀಗಲ್ ಒಪೀನಿಯನ್ ಕೈಗೆ ಬರುವುದಿಲ್ಲ, ಭೂಸ್ವಾಧೀನದ ಪರಿಹಾರದ ದುಡ್ಡು ಬಿಡುಗಡೆಯಾಗುವುದಿಲ್ಲ. ವರ್ಷಗಳಿಂದ ಮಾತಿಲ್ಲದಿದ್ದ ತಮ್ಮ ಕಾರು ತಂದು ನಿಮ್ಮ ಬಾಗಿಲಲ್ಲಿ ನಿಲ್ಲಿಸಿದ್ದಾನೆಂದರೆ ಅದಕ್ಕೆ ಇದೂ ಒಂದು ಕಾರಣವಿರಬಹುದು. ಅವನ ಪ್ರೀತಿಯನ್ನು ನಾನು ಅನುಮಾನಿಸುತ್ತಿಲ್ಲ. ಕೇಳುತ್ತಿರುವುದು ಬರೀ "ಒಂದು ಸಹಿ" ಅಲ್ಲ ಎಂದು ನೀವು ತಿಳಿದಿರಬೇಕು, ಅಷ್ಟೆ.

ಸಬ್‌ರಿಜಿಸ್ಟ್ರಾರ್ ಕಚೇರಿಯಲ್ಲಿ ಏನಾಗುತ್ತದೆ ಎಂಬುದನ್ನು ಒಂದಿಷ್ಟು ವಿವರವಾಗಿ ಹೇಳುತ್ತೇನೆ, ಯಾಕೆಂದರೆ ನೀವು ಎಡವುವುದು ಅಲ್ಲೇ. ಒಳ್ಳೆಯ ದಿನವಾದರೆ ಜನ ಗಿಜಿಗುಡುತ್ತಿರುತ್ತಾರೆ. ಪತ್ರ ಬರಹಗಾರರ ಅಂಗಡಿಯಲ್ಲಿ ಪತ್ರ ಆಗಲೇ ಟೈಪಾಗಿ ಕೂತಿರುತ್ತದೆ. ಸರದಿ ಬರುವ ಸ್ವಲ್ಪ ಮುಂಚೆ ಅದು ನಿಮ್ಮ ಕೈಗೆ ಬರುತ್ತದೆ, ಓದುವುದಕ್ಕಲ್ಲ, ಪ್ರತಿ ಹಾಳೆಯ ಕೆಳಗೆ ಸಹಿ ಹಾಕುವುದಕ್ಕೆ. ತೊಡೆಯ ಮೇಲಿನ ಮಗು ಅಳುತ್ತಿರುತ್ತದೆ, ಪಕ್ಕದಲ್ಲಿ ಅತ್ತಿಗೆ "ತಿಂಡಿ ತಿಂದ್ಯಾ?" ಎಂದು ವಿಚಾರಿಸುತ್ತಿರುತ್ತಾಳೆ, ಹಿಂದಿನಿಂದ ಯಾರೋ "ಬೇಗ ಬೇಗ, ಸರ್ವರ್ ಹೋದರೆ ಇವತ್ತು ಆಗಲ್ಲ" ಎಂದು ಅವಸರಿಸುತ್ತಿರುತ್ತಾರೆ. ಒಳಗೆ ಹೋದರೆ ಕ್ಯಾಮೆರಾ ಎದುರು ಕೂರಿಸಿ ಫೋಟೊ ತೆಗೆಯುತ್ತಾರೆ, ಯಂತ್ರದ ಮೇಲೆ ಹೆಬ್ಬೆರಳು ಒತ್ತಿಸುತ್ತಾರೆ. ಅಧಿಕಾರಿ ಕೇಳುವುದು ಒಂದೇ ಪ್ರಶ್ನೆ, ಈ ಪತ್ರ ನೀವೇ ಬರೆದುಕೊಟ್ಟಿದ್ದೀರಾ ಎಂದು. ನೀವು ಹೂಂ ಎನ್ನುತ್ತೀರಿ. ನಿಮ್ಮ ಪಾಲು ಎಷ್ಟು, ಅದಕ್ಕೆ ಬೆಲೆ ಎಷ್ಟು, ನಿಮಗೆ ಅರ್ಥವಾಗಿದೆಯೇ ಎಂದು ವಿಚಾರಿಸುವುದು ಆ ಅಧಿಕಾರಿಯ ಕೆಲಸವಲ್ಲ. ಪತ್ರವನ್ನು ನೀವು ಬರೆದುಕೊಟ್ಟದ್ದು ನಿಜ ಎಂದು ನೀವೇ ಒಪ್ಪಿದರೆ ಕಾನೂನಿಗೆ ಸಾಕು. ಆ ಕುರ್ಚಿಯಲ್ಲಿ ಕೂತಾಗ ನಿಮ್ಮನ್ನು ಕಾಪಾಡುವವರು ಬೇರೆ ಯಾರೂ ಇರುವುದಿಲ್ಲ.

ಅದಕ್ಕೇ ಪತ್ರದ ಕರಡನ್ನು ಮೊದಲೇ ತರಿಸಿಕೊಳ್ಳಿ. ವಾಟ್ಸಾಪ್‌ನಲ್ಲಿ ಕಳಿಸು ಎಂದರೆ ಸಾಕು, ಅದರಲ್ಲಿ ಸಂಕೋಚ ಬೇಡ. ಬಂದ ಮೇಲೆ ಮೊದಲು ನೋಡಬೇಕಾದದ್ದು ತಲೆಬರಹ. ಹಕ್ಕು ಬಿಡುಗಡೆ ಪತ್ರವೇ, ಹಕ್ಕು ಖುಲಾಸೆ ಪತ್ರವೇ, ದಾನಪತ್ರವೇ, ವಿಭಾಗ ಪತ್ರವೇ, ಸಾಮಾನ್ಯ ಅಧಿಕಾರ ಪತ್ರ ಅಂದರೆ ಜಿಪಿಎಯೇ? ಕೆಲವು ಸಲ ಅಣ್ಣ ಬೇರೆಯವರಿಗೆ ಮಾಡಿಕೊಡುತ್ತಿರುವ ಕ್ರಯಪತ್ರದಲ್ಲಿ ನಿಮ್ಮನ್ನು ಒಪ್ಪಿಗೆ ಸಾಕ್ಷಿ ಎಂದು ಹಾಕಿರುತ್ತಾರೆ. ಸಾಕ್ಷಿ ತಾನೇ ಎಂದುಕೊಂಡು ಹಾಕಿದ ಆ ಸಹಿಯನ್ನು, ಮಾರಾಟಕ್ಕೆ ನಿಮ್ಮ ಒಪ್ಪಿಗೆಯಿತ್ತು, ನಿಮ್ಮ ಹಕ್ಕೂ ಹೋಯಿತು ಎಂದು ಮುಂದೆ ನಿಮ್ಮ ವಿರುದ್ಧವೇ ತೋರಿಸುತ್ತಾರೆ.

ಆಮೇಲೆ ಷೆಡ್ಯೂಲ್. ಪತ್ರದ ಕೊನೆಯಲ್ಲಿ ಸರ್ವೆ ನಂಬರು, ಎಕರೆ ಗುಂಟೆ, ನಾಲ್ಕು ದಿಕ್ಕಿನ ಚೆಕ್ಕುಬಂದಿ ಇರುವ ಭಾಗ ಅದು. ಅಣ್ಣ ಹೇಳಿದ್ದು "ಆ ಮೇಲ್ಹೊಲ ಒಂದಕ್ಕೆ" ಎಂದಾದರೆ ಷೆಡ್ಯೂಲಿನಲ್ಲಿ ಮೇಲ್ಹೊಲ ಒಂದೇ ಇರಬೇಕು. ಹಿತ್ತಲಿನ ಸೈಟು, ಊರೊಳಗಿನ ಮನೆ, ತೋಟ ಎಲ್ಲ ಪಟ್ಟಿಯಲ್ಲಿ ಸೇರಿಬಿಟ್ಟಿರುವ ಪತ್ರಗಳು ನನ್ನ ಮೇಜಿನ ಮೇಲೆ ಬಂದು ಹೋಗಿವೆ. ಷೆಡ್ಯೂಲ್ ಸರಿಯಿದ್ದರೂ ಪತ್ರದ ಮಧ್ಯೆ ಒಂದು ಸಾಲು ಅಡಗಿರಬಹುದು: ಷೆಡ್ಯೂಲ್ ಸ್ವತ್ತುಗಳಲ್ಲದೆ ಕುಟುಂಬಕ್ಕೆ ಸೇರಿದ ಇತರೆ ಯಾವುದೇ ಸ್ಥಿರ ಚರ ಸ್ವತ್ತುಗಳಲ್ಲಿಯೂ ನನಗಾಗಲೀ ನನ್ನ ವಾರಸುದಾರರಿಗಾಗಲೀ ಯಾವುದೇ ಹಕ್ಕು ಬಾಧ್ಯತೆ ಇರುವುದಿಲ್ಲ. ಇಡೀ ಪತ್ರದಲ್ಲಿ ಅತಿ ದುಬಾರಿ ಸಾಲು ಇದೇ. ನಿಮ್ಮ ಮನಸ್ಸಿನಲ್ಲಿ ಇಲ್ಲದಿದ್ದರೆ ಹೊಡೆದು ಹಾಕಿಸಿ, ಪತ್ರವನ್ನು ಹೊಸದಾಗಿ ಟೈಪ್ ಮಾಡಿಸಿ.

ದುಡ್ಡಿನ ಮಾತಿಗೆ ಬರೋಣ. ಪ್ರತಿಫಲ ಇಲ್ಲದೆ ಬಿಟ್ಟುಕೊಡುವುದಾದರೆ ಹಾಗೆಂದೇ ಬರೆಯಲಿ. ಇಷ್ಟು ಲಕ್ಷ ಕೊಡುತ್ತೇವೆ ಎಂದಿದ್ದರೆ ರಿಜಿಸ್ಟರ್ ಆಗುವ ಮುಂಚೆ ಅದು ನಿಮ್ಮ ಹೆಸರಿನ ಖಾತೆಗೆ ಬಂದಿರಲಿ, ಅಥವಾ ಡಿಡಿ ಕೈಯಲ್ಲಿರಲಿ, ಅದರ ನಂಬರು ಪತ್ರದಲ್ಲಿರಲಿ. ಒಬ್ಬ ಹೆಣ್ಣುಮಗಳ ಪತ್ರದಲ್ಲಿ "ಪೂರ್ತಿ ಹಣ ಸಾಕ್ಷಿಗಳ ಸಮಕ್ಷಮ ನಗದಾಗಿ ಸಂದಿದೆ" ಎಂದು ಬರೆದಿತ್ತು. ಆಕೆಗೆ ಸಿಕ್ಕಿದ್ದು ಒಂದು ರೇಷ್ಮೆ ಸೀರೆ, ಉಳಿದದ್ದು "ಬೆಳೆ ಬಂದ ಮೇಲೆ" ಎಂಬ ಮಾತು. ಸಂದಿದೆ ಎಂದು ತಾನೇ ಸಹಿ ಹಾಕಿದವಳು ಆಮೇಲೆ ಸಂದಿಲ್ಲ ಎಂದು ಸಾಬೀತು ಮಾಡುವುದು ಬಹಳ ಕಷ್ಟ. ಆ ಸಾಕ್ಷಿಗಳು ಯಾರ ಕಡೆಯವರು ಎಂದು ಬೇರೆ ಹೇಳಬೇಕಿಲ್ಲ.

ಬಿಟ್ಟುಕೊಡುತ್ತಿರುವುದರ ಲೆಕ್ಕ ತಿಳಿಯುವುದು ಈಗ ಹಿಂದಿನಷ್ಟು ಕಷ್ಟವಲ್ಲ. ಹೋಬಳಿ, ಗ್ರಾಮ, ಸರ್ವೆ ನಂಬರು ಗೊತ್ತಿದ್ದರೆ ಭೂಮಿ ವೆಬ್‌ಸೈಟಿನಲ್ಲಿ ಪಹಣಿಯನ್ನು ಮೊಬೈಲಿನಲ್ಲೇ ನೋಡಬಹುದು. ನಾಡಕಚೇರಿಯಲ್ಲಿ ಅದರ ಪ್ರತಿ ಸಿಗುತ್ತದೆ. ಆಸ್ತಿ ಮಾರಾಟವಾಗಿದೆಯೇ, ಅಡವಿದೆಯೇ ಎಂದು ತಿಳಿಯಲು ಋಣಭಾರ ಪ್ರಮಾಣಪತ್ರ, ಅಂದರೆ ಎಲ್ಲರೂ ಇಸಿ ಎನ್ನುವುದು, ಕಾವೇರಿ ತಂತ್ರಾಂಶದಲ್ಲಿ ಅರ್ಜಿ ಹಾಕಿದರೆ ಬರುತ್ತದೆ. ಊರೊಳಗಿನ ಮನೆ, ಸೈಟುಗಳಿಗೆ ಪಂಚಾಯಿತಿಯ ಇ-ಸ್ವತ್ತು ದಾಖಲೆ ಕೇಳಿ. ಇವೆಲ್ಲ ನಿಮಗೆ ದಕ್ಕದಿದ್ದರೆ ಕಾಲೇಜಿಗೆ ಹೋಗುವ ಮಗಳಿಗೆ ಹೇಳಿ.

ವಂಶವೃಕ್ಷವನ್ನು ಮಾತ್ರ ಬಿಡದೆ ನೋಡಿ. ಅಪ್ಪ ತೀರಿಕೊಂಡ ಮೇಲೆ ಪೌತಿ ಖಾತೆಗೆ ಹಾಕುವ ಅರ್ಜಿಯ ಜೊತೆ ಅದು ಇರುತ್ತದೆ. ಹೆಣ್ಣುಮಕ್ಕಳ ಹೆಸರನ್ನೇ ಬಿಟ್ಟು ಬರೆಸಿದ ವಂಶವೃಕ್ಷಗಳು ಇವತ್ತಿಗೂ ತಯಾರಾಗುತ್ತವೆ. ನಿಮ್ಮ ಹೆಸರು ಬಿಟ್ಟು ಖಾತೆ ಆಗುತ್ತಿದೆ ಎಂದು ಗೊತ್ತಾದರೆ ನೋಟಿಸಿನ ಅವಧಿಯೊಳಗೆ ತಕರಾರು ಅರ್ಜಿ ಕೊಡಿ. ಅಷ್ಟರೊಳಗೆ ಆಗಿಹೋಗಿದ್ದರೂ ಎದೆಗೆಡಬೇಡಿ. ಪಹಣಿ ಕಂದಾಯದ ದಾಖಲೆ, ಅದನ್ನು ತಪ್ಪೆಂದು ತೋರಿಸುವ ತನಕ ಸರಿಯೆಂದು ಭಾವಿಸಲಾಗುತ್ತದೆ, ಅಷ್ಟೆ. ಅದರಲ್ಲಿ ಹೆಸರಿಲ್ಲದ ಮಾತ್ರಕ್ಕೆ ಹಕ್ಕು ಹೋಗುವುದಿಲ್ಲ, ಹೆಸರಿದ್ದ ಮಾತ್ರಕ್ಕೆ ಅಣ್ಣ ಪೂರ್ತಿ ಒಡೆಯನೂ ಆಗುವುದಿಲ್ಲ.

ಅಪ್ಪ ಇನ್ನೂ ಬದುಕಿದ್ದಾರೆ, ಆಸ್ತಿ ಅವರೇ ದುಡಿದು ಕೊಂಡದ್ದು ಎಂದಾದರೆ ವಿಷಯ ಬೇರೆ. ಅದನ್ನು ಅವರು ಯಾರಿಗೆ ಬೇಕಾದರೂ ದಾನ ಕೊಡಬಹುದು, ವಿಲ್ ಬರೆಯಬಹುದು. ಅದರಲ್ಲಿ ನಿಮಗಾಗಲೀ ಅಣ್ಣನಿಗಾಗಲೀ ಈಗ ಹಕ್ಕಿಲ್ಲ. ಇಲ್ಲದ ಹಕ್ಕನ್ನು ಈಗಲೇ ಬಿಡುಗಡೆ ಮಾಡಿಸಿಕೊಳ್ಳುವ ಪತ್ರ ಯಾಕೆ ಎಂದು ಕೇಳಿ. ಅಪ್ಪ ವಿಲ್ ಬರೆಯದೆ ಹೋದರೆ ಅಮ್ಮ, ಮಕ್ಕಳು, ಅಪ್ಪನ ತಾಯಿ ಬದುಕಿದ್ದರೆ ಆ ಅಜ್ಜಿ, ಎಲ್ಲರಿಗೂ ಸಮಪಾಲು. ತಾತನ ಕಾಲದಿಂದ ಬಂದದ್ದೆಲ್ಲ ಕಾನೂನಿನ ಕಣ್ಣಲ್ಲಿ ಪಿತ್ರಾರ್ಜಿತವೇ ಆಗಬೇಕೆಂದಿಲ್ಲ, ಯಾರಿಂದ ಯಾರಿಗೆ ಹೇಗೆ ಬಂತು ಎಂಬುದರ ಮೇಲೆ ಅದು ನಿಂತಿದೆ. ಇದನ್ನು ಊರ ಜಗಲಿಯಲ್ಲಿ ತೀರ್ಮಾನಿಸಬೇಡಿ, ಪತ್ರಗಳನ್ನು ವಕೀಲರಿಗೆ ತೋರಿಸಿ. ನಾನು ಬರೆಯುತ್ತಿರುವುದು ಹಿಂದೂ ಉತ್ತರಾಧಿಕಾರ ಕಾಯ್ದೆಗೆ ಒಳಪಡುವವರ ವಿಷಯ. ಮುಸ್ಲಿಂ, ಕ್ರೈಸ್ತ ಸೋದರಿಯರ ಪಾಲಿನ ಲೆಕ್ಕ ಬೇರೆ. ಆದರೆ ಓದದೆ ಸಹಿ ಹಾಕಬಾರದು ಎಂಬ ಮಾತು ಅವರಿಗೂ ಅನ್ವಯಿಸುತ್ತದೆ.

ಅಮ್ಮನ ಬಗ್ಗೆ ಹೇಳದಿದ್ದರೆ ಈ ಪತ್ರ ಬರೆದೂ ಪ್ರಯೋಜನವಿಲ್ಲ. ಅಕ್ಕತಂಗಿಯರ ಜೊತೆಗೇ ಅಮ್ಮನನ್ನೂ ಕರೆದುಕೊಂಡು ಹೋಗಿ ಬಿಡುಗಡೆ ಮಾಡಿಸಿಬಿಡುತ್ತಾರೆ. ಗಂಡನಿಂದ ಬಂದ ಪಾಲು ಆಕೆಗಿರುವ ಕೊನೆಯ ಆಸರೆ. ಅದು ಮಗನ ಹೆಸರಿಗೆ ಹೋದ ಮೇಲೆ ಸೊಸೆ ಒಳ್ಳೆಯವಳಾದರೆ ಸರಿ, ಇಲ್ಲದಿದ್ದರೆ ಮುದುಕಿ ತಿಂಗಳಿಗೊಂದು ಮಗಳ ಮನೆ ಸುತ್ತಬೇಕು. ನೀವು ನಿಮ್ಮ ಪಾಲು ಬಿಟ್ಟರೂ ಅಮ್ಮನ ಪಾಲನ್ನು ಬಿಡಿಸಬೇಡಿ. ಆಕೆಯೇ ಕೊಡುತ್ತೇನೆ ಎಂದರೆ ಬದುಕಿರುವ ತನಕ ಆ ಮನೆಯಲ್ಲಿ ವಾಸ, ಊಟ ಔಷಧಿಯ ಖರ್ಚು ಎಂದು ಪತ್ರದಲ್ಲೇ ಷರತ್ತು ಬರೆಸಿ. ಹಿರಿಯ ನಾಗರಿಕರ 2007ರ ಕಾಯ್ದೆಯ ಪ್ರಕಾರ, ನೋಡಿಕೊಳ್ಳುವ ಷರತ್ತಿನ ಮೇಲೆ ಕೊಟ್ಟ ಆಸ್ತಿಯನ್ನು ಷರತ್ತು ಮುರಿದರೆ ರದ್ದು ಮಾಡಿಸಲು ಉಪವಿಭಾಗಾಧಿಕಾರಿಯ ಬಳಿ ಹೋಗಬಹುದು. ಷರತ್ತು ಬರೆದಿದ್ದರೆ ಆ ಹಾದಿ ಗಟ್ಟಿ.

ದೂರದಲ್ಲಿರುವವರಿಗೂ ಒಂದು ಮಾತು. ದುಬೈಯಲ್ಲೋ ಅಮೆರಿಕದಲ್ಲೋ ಇರುವ ತಂಗಿಗೆ "ನೀನು ಬರೋದು ಬೇಡ, ಜಿಪಿಎ ಮಾಡಿ ಕಳಿಸು" ಎಂದು ಹೇಳುವುದು ಈಗ ಮಾಮೂಲು. ಜಿಪಿಎ ಎಂದರೆ ನಿಮ್ಮ ಪರವಾಗಿ ಏನು ಬೇಕಾದರೂ ಮಾಡಬಹುದು ಎಂಬಂತೆ ಬರೆದ ಅಧಿಕಾರ. ಬೇಕೇ ಬೇಕಾದರೆ ಒಂದೇ ಆಸ್ತಿಗೆ, ಒಂದೇ ಕೆಲಸಕ್ಕೆ ಸೀಮಿತವಾದ ಅಧಿಕಾರ ಪತ್ರ ಕೊಡಿ, ಯಾವ ಪತ್ರಕ್ಕೆ ಸಹಿ ಹಾಕಬೇಕೋ ಅದರ ಕರಡನ್ನೂ ಜೊತೆಗಿಡಿ.

ಪಾಲು ಬೇಕು ಎನ್ನುವವರಿಗೂ ಎಚ್ಚರಿಕೆ ಹೇಳುವುದಿದೆ. ಕೇಳುತ್ತಿರುವುದು ನೀವೋ ನಿಮ್ಮ ಗಂಡನೋ ಎಂದು ಒಂದು ರಾತ್ರಿ ಕೂತು ಯೋಚಿಸಿ. "ತವರಿನಿಂದ ಪಾಲು ತರದಿದ್ದರೆ" ಎಂದು ಹಿಂಸೆ ಕೊಡುವ ಗಂಡನಿಗಾಗಿ ಕೇಳುವುದು, ಅಣ್ಣನ ಒತ್ತಾಯಕ್ಕೆ ಸಹಿ ಹಾಕುವಷ್ಟೇ ತಪ್ಪು. ಬಂದ ಪಾಲು ಪೂರ್ತಿ ನಿಮ್ಮದು, 1956ರ ಕಾಯ್ದೆಯ 14ನೇ ಕಲಂ ಹಾಗೆ ಹೇಳುತ್ತದೆ. ಅದು ನಿಮ್ಮ ಹೆಸರಿನಲ್ಲೇ ಇರಲಿ. ಪಾಲಿನ ದಾವೆ ಬೇಗ ಮುಗಿಯುತ್ತದೆಂದು ನಾನು ನಂಬಿಸುವುದಿಲ್ಲ. ಮೊದಲು ಪ್ರಾಥಮಿಕ ಡಿಕ್ರಿ, ಆಮೇಲೆ ಅಳತೆ ಮಾಡಿ ಗಡಿ ಗುರುತಿಸುವ ಅಂತಿಮ ಡಿಕ್ರಿ, ಮಧ್ಯೆ ಅಪೀಲು. ಹಾಗಾಗಿ ಮನೆಯಲ್ಲೇ ಕೂತು ಮಾತಾಡಿ ವಿಭಾಗ ಪತ್ರ ಮಾಡಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಅದು ಆಗದಿದ್ದರೆ ಮಧ್ಯಸ್ಥಿಕೆ, ಲೋಕ ಅದಾಲತ್ ಇವೆ. ಹದಿನೈದು ಗುಂಟೆ ಕಡಿಮೆ ಬಂದರೂ ಅಣ್ಣನ ಜೊತೆ ಮಾತು ಉಳಿಯುವ ರಾಜಿಯನ್ನೇ ನಾನು ನನ್ನ ಕಕ್ಷಿದಾರರಿಗೆ ಹೇಳುವುದು.

ನಿಮ್ಮೆಲ್ಲರ ಮನಸ್ಸಿನಲ್ಲಿರುವ ಭಯ ನನಗೆ ಗೊತ್ತು. ಕೇಳಿದರೆ ತವರಿನ ಬಾಗಿಲು ಮುಚ್ಚುತ್ತದೆ, ಗೌರಿ ಹಬ್ಬಕ್ಕೆ ಅರಿಶಿನ ಕುಂಕುಮ ಬರುವುದಿಲ್ಲ, ನಾಳೆ ಏನಾದರೂ ಆದರೆ ಹಿಂದೆ ನಿಲ್ಲುವವರಿಲ್ಲ ಎಂಬ ಭಯ. ಇದು ಸುಳ್ಳು ಭಯವಲ್ಲ. ಕೆಲವು ಮನೆಗಳಲ್ಲಿ ಹಾಗಾಗಿದೆ. ಆದರೆ ಕರಡು ಕೇಳುವುದು, ಪಹಣಿ ನೋಡುವುದು, ಒಂದು ವಾರ ಟೈಮು ಕೇಳುವುದು, ಇವು ಜಗಳವಲ್ಲ. ಬ್ಯಾಂಕಿನ ವಕೀಲರು ಇಷ್ಟೇ ಪತ್ರ ಕೇಳಿದರೆ ಅಣ್ಣ ಮರುಮಾತಿಲ್ಲದೆ ತಂದು ಕೊಡುತ್ತಾನೆ. ಅದೇ ಪತ್ರವನ್ನು ತಂಗಿ ಕೇಳಿದರೆ "ನನ್ನ ಮೇಲೆ ನಂಬಿಕೆ ಇಲ್ವಾ?" ಎನ್ನುತ್ತಾನೆ. ಆಗ ಸಮಾಧಾನವಾಗಿ ಹೇಳಿ: "ನಂಬಿಕೆ ಇದೆ ಅಣ್ಣ, ಓದಿ ಹಾಕ್ತೀನಿ."

ಈಗಾಗಲೇ ಸಹಿ ಹಾಕಿದ್ದೇವೆ, ಮೋಸವಾಗಿದೆ ಎಂದು ಈಗ ಗೊತ್ತಾಗಿದೆ ಎನ್ನುವವರು ಸುಮ್ಮನೆ ಕೂರಬೇಡಿ. ರಿಜಿಸ್ಟರ್ ಆದ ಪತ್ರವನ್ನು ನೀವೊಬ್ಬರೇ ಹೋಗಿ ಅರ್ಜಿ ಕೊಟ್ಟು ರದ್ದು ಮಾಡಿಸಲಾಗದು, ಸಿವಿಲ್ ಕೋರ್ಟಿಗೇ ಹೋಗಬೇಕು. ವಿಷಯ ತಿಳಿದ ದಿನದಿಂದ ಮೂರು ವರ್ಷದೊಳಗೆ ದಾವೆ ಹೂಡಬೇಕು. ಪತ್ರದ ದೃಢೀಕೃತ ನಕಲು ತೆಗೆಸಿ, ಆಗಿನ ಮೆಸೇಜು, ಫೋನ್ ರೆಕಾರ್ಡು, ಬ್ಯಾಂಕ್ ಪಾಸ್‌ಬುಕ್ಕು ಜೋಪಾನವಾಗಿಟ್ಟು ಬೇಗ ಬನ್ನಿ. ಹಿರಿಯರಿಂದ ಹೇಳಿಸೋಣ, ಮುಂದಿನ ವರ್ಷ ನೋಡೋಣ ಎನ್ನುತ್ತಾ ಅವಧಿ ಮೀರಿಸಿಕೊಂಡವರಿಗೆ ಯಾವ ವಕೀಲರೂ ಹೆಚ್ಚು ಮಾಡಲಾಗುವುದಿಲ್ಲ.

ವಕೀಲರಿಗೆ ಕೊಡಲು ದುಡ್ಡಿಲ್ಲ ಎಂಬ ಚಿಂತೆ ಬೇಡ. 1987ರ ಕಾನೂನು ಸೇವೆಗಳ ಪ್ರಾಧಿಕಾರ ಕಾಯ್ದೆಯ 12ನೇ ಕಲಂ ಪ್ರಕಾರ ಯಾವ ಹೆಣ್ಣುಮಗಳಿಗೂ, ಆದಾಯ ಎಷ್ಟೇ ಇರಲಿ, ಉಚಿತ ಕಾನೂನು ನೆರವು ಪಡೆಯುವ ಹಕ್ಕಿದೆ. ನಿಮ್ಮ ತಾಲ್ಲೂಕು ಕೋರ್ಟಿನ ಆವರಣದಲ್ಲೇ ತಾಲ್ಲೂಕು ಕಾನೂನು ಸೇವಾ ಸಮಿತಿ ಇದೆ. ಅಲ್ಲಿಗೆ ಹೋಗಲಾಗದಿದ್ದರೆ 15100ಕ್ಕೆ ಫೋನ್ ಮಾಡಿ. ಶುಕ್ರವಾರ ಸಬ್‌ರಿಜಿಸ್ಟ್ರಾರ್ ಕಚೇರಿಗೆ ಹೋಗುವ ಮುಂಚೆ, ಗುರುವಾರವೇ ಆ ಕರಡನ್ನು ಅಲ್ಲಿ ಯಾರಿಗಾದರೂ ತೋರಿಸಿ. ತೋರಿಸುವ ತನಕ ಸಹಿಯನ್ನೂ ಹಾಕಬೇಡಿ, ಹೆಬ್ಬೆರಳನ್ನೂ ಒತ್ತಬೇಡಿ.

ಇಂತಿ ನಿಮ್ಮ ಸೋದರಿ,
ತಾಲ್ಲೂಕು ಕೋರ್ಟಿನ ಒಬ್ಬ ವಕೀಲೆ